ಎದೆಗಂಟಿದ ಬಾನೆಟ್

ಸ್ಪ್ಯಾನರ್ ನನ್ನ ಕಿವಿ ಸವರಿಕೊಂಡು ಹೋಯಿತು!

ಗಕ್ಕನೆ ತಿರುಗಿದೆ. ಎರಡನೆಯದು ನೇರ ಎದೆಗೇ ಬಂತು... ಡಬ್!

ನಾನು ಸಾಯಲಿಲ್ಲ ಸಾರ್. ನನ್ನ ಎದೆಗೆ ರೇಸ್ ಕಾರಿನ ಬಾನೆಟ್ ಒಂದು ಅಂಟಿಕೊಂಡಿತ್ತು. ಅದರಲ್ಲಿ ಒಂದು ಗೀರೂ ಬೀಳಲಿಲ್ಲ. ನನ್ನ ಕೈಕೆಲಸ ಅಂದರೆ ಹಾಗೆ!

"ಹಿಡಿಯೋ ಅವನ್ನ!"

ಅಟ್ಟಿಸಿಕೊಂಡು ಬರುತ್ತಿದ್ದವರು ಇಬ್ಬರು. ಒಬ್ಬ ಗೋಡೆ, ಇನ್ನೊಬ್ಬ ಕಪಾಟು. ಅವು ನಾನಿಟ್ಟ ಹೆಸರುಗಳು. ನೋಡಿದ್ದರೆ ನೀವೂ ಅದನ್ನೇ ಇಡುತ್ತಿದ್ದಿರಿ. ಇಬ್ಬರೂ ಗ್ರಾಂ ಅನ್ನುವ ಡ್ರೈವರನ ಮೆಕ್ಯಾನಿಕ್ಕುಗಳು. ಗ್ರಾಂ ಯಾರು ಅಂತೀರಾ? ಕಾರಿನ ತೂಕ ಇಳಿಸಲಿಕ್ಕೆ ತನ್ನ ಹುಬ್ಬು ಬೋಳಿಸಿಕೊಂಡ ಮಹಾನುಭಾವ.

ನಾನು ಟೈರುಗಳ ರಾಶಿಯ ನಡುವೆ ಏಡಿಯ ಹಾಗೆ ಅಡ್ಡಡ್ಡ ಓಡಿದೆ.

ಇನ್ನು ನಲವತ್ತು ನಿಮಿಷಕ್ಕೆ ರೇಸು. ಓಡಿಸುವವಳು ನಮ್ಮಕ್ಕ, ಅವಳ ಮೆಕ್ಯಾನಿಕ್ ನಾನು. ಕಳೆದ ಸಲ ಅವಳ ಬಾನೆಟ್ ಪೂರ್ತಿ ವೇಗದಲ್ಲಿ ಮೇಲೆದ್ದು ಗಾಜಿಗೆ ಅಪ್ಪಳಿಸಿತ್ತು. ಹಪ್ಪಳದಷ್ಟು ತೆಳ್ಳಗಿನ ಫೈಬರ್! ಅವಳು ಉಳಿದದ್ದೇ ಹೆಚ್ಚು. ಆವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಅದಕ್ಕೇ ಇವತ್ತು ಎಲ್ಲರೂ ಬಳಸುವ ಶೆಡ್ಡಿಗೆ ಬೆಳಿಗ್ಗೆಯೇ ನುಗ್ಗಿದ್ದೆ. ಬಾನೆಟ್ ಬೋರಲಾಗಿ ಮಲಗಿತ್ತು. ಹೊಟ್ಟೆಭಾಗ ಚೆನ್ನಾಗಿ ಉಜ್ಜಿದೆ. ನೀರಿನ ಪೈಪನ್ನು ಉದ್ದಕ್ಕೆ ಸೀಳಿ ಪಕ್ಕೆಲುಬಿನ ಹಾಗೆ ನಾಲ್ಕು ಸಾಲು ಇಟ್ಟೆ. ಮೇಲೆ ಫೈಬರ್ ಮ್ಯಾಟು, ಅದರ ಮೇಲೆ ರೆಸಿನ್ ಅನ್ನುವ ಅಂಟು.

ಅವಸರ ಸಾರ್... ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಒಂದು ಕೈ ಜಾಸ್ತಿ ಸುರಿದೆ. ನಡುವಿನ ಪಟ್ಟಿ ಒತ್ತಲಿಕ್ಕೆ ಬಾಗಿದೆ. ಓವರಾಲಿನ ಎದೆಭಾಗ ಪೂರಾ ನೆನೆಯಿತು. ಬಿಸಿಯಾಯಿತು. ಏಳಲಿಕ್ಕೆ ನೋಡಿದೆ...

ಬಾನೆಟ್ಟೂ ಎದ್ದಿತು!

ಆಗಲೇ ಗೋಡೆ ಒಳಗೆ ಬಂದದ್ದು. ಕಳ್ಳ ಅಂತ ಕೂಗಿದ್ದು.

ಓಡಿ ಓಡಿ ಅಕ್ಕನ ಕಾರು ನಿಲ್ಲುವ ಪಿಟ್ಟಿಗೆ ನುಗ್ಗಿದೆ. ಅವಳು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ತಲೆ ಎತ್ತಿದಳು. ಬಾಯಿ ತೆರೆದಳು.

"ಅಕ್ಕಾ, ಬಾಗಿಲು ಹಾಕು! ನಮ್ಮ ಬಾನೆಟ್ ಕದಿಯೋಕೆ ಬರ್ತಿದಾರೆ!"

"ನಮ್ಮ ಬಾನೆಟ್ ಇಲ್ಲೇ ಇದೆಯಲ್ಲೋ."

ನೋಡಿದೆ. ಗೋಡೆಗೊರಗಿ ಹಸಿರು ಬಾನೆಟ್ ನಿಂತಿತ್ತು.

"ಹಾಗಾದ್ರೆ... ನನ್ನ ಎದೆ ಮೇಲಿರೋದು ಯಾವ ಬಣ್ಣ?"

"ಹಳದಿ."

ಗ್ರಾಂನದು! ಎಲ್ಲ ಕಾರುಗಳದೂ ಒಂದೇ ಅಚ್ಚು ಸಾರ್. ಬೋರಲು ಹಾಕಿದರೆ ಬ್ರಹ್ಮನಿಗೂ ಗುರುತು ಸಿಗಲ್ಲ. ಹದಿನಾಲ್ಕು ವರ್ಷದಿಂದ ನಾನು ನೋಡುತ್ತಿರುವುದು ಬಾನೆಟ್ಟುಗಳ ಹೊಟ್ಟೆಯನ್ನೇ. ಮುಖ ನೋಡಿದವನಲ್ಲ.

"ನೀನು ಯಾಕೆ ಇದನ್ನ ಶೆಡ್ಡಿಗೆ ತರಲಿಲ್ಲ?"

"ತರ್ತಾ ಇದ್ದೆ. ಅಷ್ಟರಲ್ಲಿ ನೀನೇ ಫೋನ್ ಮಾಡಿ ಕೆಲಸ ಶುರುವಾಯ್ತು ಅಂದೆ. ಬೇರೆ ಸ್ಪೇರ್ ಬಾನೆಟ್ ಸಿಕ್ಕಿರ್ಬೇಕು ಅಂದ್ಕೊಂಡೆ. ಅಲ್ಲಾಡ್ಬೇಡ!"

ಅವಳು ಕತ್ತರಿ ತಂದಳು. ಓವರಾಲನ್ನು ಎದೆಯ ಸುತ್ತ ಕತ್ತರಿಸಿದಳು. ಎದೆಭಾಗದ ಬಟ್ಟೆ ಬಾನೆಟ್ಟಿಗೇ ಉಳಿಯಿತು. ಬನಿಯನ್ನಿನಲ್ಲಿ ನಿಂತೆ. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು!

ಗೋಡೆ. ಕಪಾಟು. ನಡುವೆ ಗ್ರಾಂ. ಅವನ ಕೈಯಲ್ಲಿ ತೂಗುತಕ್ಕಡಿ. ಹಳದಿ ಬಾನೆಟ್ಟನ್ನು ಅದಕ್ಕೆ ನೇತುಹಾಕಿದ. ಮುಖ ಬಿಳಿಚಿಕೊಂಡಿತು.

"ಒಂದೂವರೆ ಕೆಜಿ ಜಾಸ್ತಿ! ನನ್ನನ್ನ ಮುಗಿಸಿಬಿಟ್ಯಲ್ಲೋ ಪಾಪಿ!"

"ಸಾರಿ ಬಾಸ್. ಆದ್ರೆ ಗಟ್ಟಿಯಾಗಿದೆ..."

"ಗಟ್ಟಿ ತಗೊಂಡು ಏನ್ಮಾಡ್ಲಿ? ಆ ಹಸಿರು ಎಷ್ಟು ತೂಗುತ್ತೆ?" ತೂಗಿದ. ಕಣ್ಣರಳಿತು. "ಇದು ನನಗೆ. ಅದನ್ನ ನೀವೇ ಇಟ್ಕೊಳ್ಳಿ."

ನನಗೆ ಒಳಗೊಳಗೇ ಖುಷಿ. ಆದರೆ ಸಾರ್, ಒಂದು ಜೀವದ ಪ್ರಶ್ನೆ.

"ಬೇಡ ಬಾಸ್. ಅದು ಮೇಲೇಳುತ್ತೆ. ಇವಳ ಗಾಜು ಒಡೆದಿದ್ದೂ ಅಂಥದ್ದೇ."

"ನನ್ನ ಹತ್ರ ಆಟ ಆಡ್ತೀಯಾ?"

"ಕೊನೇಪಕ್ಷ ಸುತ್ತ ಟೇಪಾದ್ರೂ ಹಾಕು!"

ಗ್ರಾಂ ನನ್ನನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿದ.

"ಟೇಪಿಗೂ ತೂಕ ಇದೆ ಕಣೋ."

ಹೋದ.

ತಪಾಸಣೆಗೆ ಬಂದ ಹೆಂಗಸು ನಮ್ಮ ಕಾರಿಗೆ ಹಾಕಿದ್ದ ಹಳದಿ ಬಾನೆಟ್ಟನ್ನು ಎರಡೂ ಕೈಯಲ್ಲಿ ಅದುಮಿದಳು. ಒಳಗೆ ಇಣುಕಿದಳು.

"ಇದೇನು, ಜೇಬು?"

"ನಂದೇ ಮೇಡಂ."

ಬಣ್ಣದ ಬಗ್ಗೆ ನಿಯಮವಿಲ್ಲ. ಜೇಬಿನ ಬಗ್ಗೆಯೂ ಇಲ್ಲ. ಸೀಲು ಬಿತ್ತು!

ರೇಸಿನ ಮೂರನೇ ಸುತ್ತು. ಉದ್ದದ ನೇರ ದಾರಿ. ಗ್ರಾಂ ಮುಂದೆ, ಅಕ್ಕ ಹಿಂದೆ. ಹಸಿರು ಬಾನೆಟ್ ಒಂದು ಸಲ ನಡುಗಿತು. ಇನ್ನೊಂದು ಸಲ. ಆಮೇಲೆ... ಹಾರಿತು! ಸೀದಾ ಮೇಲೆ ಹೋಗಿ, ಬೇಲಿಯಾಚೆ ಬಿತ್ತು. ಗ್ರಾಂ ಕಾರನ್ನು ಹುಲ್ಲಿಗಿಳಿಸಿ ನಿಲ್ಲಿಸಿದ. ಇಳಿದು ಬಂದ, ಮೈಮೇಲೆ ಒಂದು ಗಾಯವೂ ಇಲ್ಲ. ಎಂಜಿನ್ ನೋಡುತ್ತಾ ತಲೆ ಮೇಲೆ ಕೈ ಹೊತ್ತು ಕೂತ.

ಹಳದಿ ಬಾನೆಟ್ ಕಲ್ಲಿನ ಹಾಗೆ ಕೂತಿತ್ತು. ಪ್ರತಿ ಸುತ್ತನ್ನೂ ಬೆರಳು ಮಡಚಿ ಎಣಿಸಿದೆ. ಎಂಟು... ಒಂಬತ್ತು... ಹತ್ತು...

ಅಕ್ಕ ಗೆದ್ದಳು!

ನಾನು ಅತ್ತುಬಿಟ್ಟೆ ಸಾರ್. ಬನಿಯನ್ನಿನಲ್ಲಿ ನಿಂತು, ಎಲ್ಲರೆದುರು, ಗೊಳೋ ಅಂತ. ಯಾಕೆ ಅಂತ ಯಾರೋ ಕೇಳಿದರು. ರೆಸಿನ್ ಹೊಗೆ ಅಂದೆ.

ಕಾರು ಪಿಟ್ಟಿಗೆ ಬಂತು. ಅಕ್ಕ ಇಳಿದಳು. ಹೆಲ್ಮೆಟ್ ತೆಗೆದು ಸೀಟಿಗೆ ಎಸೆದಳು.

"ಬಾನೆಟ್ ಹೇಗಿತ್ತಕ್ಕಾ?"

"ಒಂದಿಷ್ಟೂ ಕದಲಲಿಲ್ಲ ಕಣೋ. ಬಂಗಾರದಂಥ ಕೆಲಸ."

ಎದೆಯುಬ್ಬಿತು. ಆಮೇಲೆ ಅವಳ ಬಲಗೈಯಲ್ಲಿ ಏನೋ ಇರುವುದು ಕಂಡಿತು. ಹಸಿರು. ದೊಡ್ಡದು. ಹಿಡಿ ಸಮೇತ.

"ಅದೇನಕ್ಕಾ?"

"ಬಾಗಿಲು." ಅವಳ ದನಿ ತೀರಾ ಮೆತ್ತಗಿತ್ತು. "ಎರಡನೇ ಸುತ್ತಿನಲ್ಲೇ ಕಿತ್ಕೊಂಡ್ಬಂತು. ಮಿಕ್ಕ ರೇಸು ಪೂರ್ತಿ ಇದನ್ನ ಹಿಡ್ಕೊಂಡೇ ಓಡಿಸ್ದೆ. ರೇಸಿಗೆ ಮುಂಚೆ ಬಾಗಿಲು ನೋಡ್ಲಿಲ್ವಾ ನೀನು?"

ನನಗೆ ಬಾರಿಸಲಿಕ್ಕೆ ಅವಳ ಎಡಗೈ ಖಾಲಿ ಇತ್ತು ಸಾರ್... ನಾನು ಓಡಿದೆ!