ಹಿನ್ನೀರು ಏರಿದ ದಿನ

ಮೊಣಕಾಲುದ್ದ ನೀರಿನಲ್ಲಿ ನಿಂತು ಬೇಗಂಬಿ ಪೈಪಿನ ನಟ್ಟು ಬಿಚ್ಚುತ್ತಿದ್ದಳು. ಮೂರು ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ನಾಲ್ಕನೆಯದು ತುಕ್ಕು ಹಿಡಿದು ಹಟಕ್ಕೆ ಬಿದ್ದಿತ್ತು. ಬೆಳಿಗ್ಗೆ ಅವಳು ಬಂದಾಗ ಇದೇ ಜಾಗದಲ್ಲಿ ನೀರು ಪಾದ ಮುಚ್ಚುವಷ್ಟೇ ಇತ್ತು.

ಅದು ತೊಂಬತ್ತೊಂಬತ್ತನೆಯ ಇಸವಿಯ ಜೂನ್ ಕೊನೆ. ಸವದತ್ತಿಯ ಕಡೆ ಒಂದು ಹನಿ ಮಳೆಯಿಲ್ಲ. ಎಲ್ಲಮ್ಮನ ಗುಡ್ಡದ ಮೇಲೆ ಬಿಸಿಲು ಬಿಳಿಚಿಕೊಂಡು ಕೂತಿತ್ತು. ಮಳೆಯೆಲ್ಲ ದೂರದ ಖಾನಾಪುರದ ಕಾಡಿನಲ್ಲಿ. ಅಲ್ಲಿ ಮೂರು ದಿನದಿಂದ ಸುರಿದ ನೀರು ಮಲಪ್ರಭೆಯ ಗುಂಟ ಇಳಿದು ಬಂದು, ಸದ್ದಿಲ್ಲದೆ ಜಲಾಶಯದ ಹೊಟ್ಟೆ ತುಂಬುತ್ತಿತ್ತು. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ, ಆಣೆಕಟ್ಟಿಗೆ ಊರು ಕಳೆದುಕೊಂಡವರು ಕೆಳಗಿಳಿದು ಆ ಮೆತ್ತನೆ ನೆಲದಲ್ಲಿ ಸೌತಿ, ಗೊಂಜಾಳ ಬೆಳೆಯುತ್ತಿದ್ದರು. ನೀರು ಸರಿದ ಹಾಗೆ ಡೀಸೆಲ್ ಇಂಜಿನ್ನೂ ಅದರ ಬೆನ್ನು ಹತ್ತಿ ಕೆಳಗೆ ಹೋಗುತ್ತಿತ್ತು. ನೀರು ತಿರುಗಿ ಏರುವ ಸುದ್ದಿ ಬಂದರೆ ಎಲ್ಲಕ್ಕಿಂತ ಮೊದಲು ಇಂಜಿನ್ ಎತ್ತಬೇಕು. ಉಳಿದವರೆಲ್ಲ ನಿನ್ನೆಯೇ ಎತ್ತಿದ್ದರು. ಬೇಗಂಬಿ, ಕೆಂಪವ್ವ ಇಬ್ಬರ ಮನೆಯವರು ಕೂಡಿ ತಂದ ಇಂಜಿನ್ ಒಂದೇ ಉಳಿದಿತ್ತು.

ನಟ್ಟು ಕೊನೆಗೂ ತಿರುಗಿತು. ಬೇಗಂಬಿಯ ಮೈದುನ ನಾಸಿರ ತನ್ನ ಪಿಕಪ್ಪನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿದ. ಎರಡು ಹಲಗೆ ಇಳಿಬಿಟ್ಟು, ಹಗ್ಗ ಜಗ್ಗಿ, ಹೆಗಲು ಕೊಟ್ಟು, ಕೆಂಪವ್ವನೂ ಕೂಡಿ ಮೂವರೂ ಇಂಜಿನ್ನನ್ನು ಮೇಲೇರಿಸಿದರು. ಬೇಗಂಬಿಯ ಗಂಡ ಮೀರಾಸಾಬ ಸುರೇಬಾನಕ್ಕೆ ತಂಗಿಯ ಮನೆಗೆ ಹೋಗಿದ್ದ. ಹಾಗಾಗಿ ನಾಸಿರನನ್ನು ಬಾ ಎಂದು ಕರೆದವಳು ಬೇಗಂಬಿಯೇ. ಅವನು ಅನುಮಾನಿಸಿದಾಗ, ದಾರಿ ಒಣಗಿದೆ, ಏನೂ ಆಗುವುದಿಲ್ಲ ಎಂದು ಧೈರ್ಯ ಹೇಳಿದವಳೂ ಅವಳೇ.

ಗಾಡಿ ಏರು ಹಿಡಿಯಿತು. ಸೌತಿ ಮಡಿಯ ಪಕ್ಕದಲ್ಲಿ ನೆಲ ರೊಟ್ಟಿಯ ಹಾಗೆ ಒಡೆದು ಹೆಪ್ಪುಗಟ್ಟಿತ್ತು. ಮುಂದಿನ ಗಾಲಿ ದಾಟಿದವು. ಹಿಂದಿನವು ದಾಟಲಿಲ್ಲ.

ಹೆಪ್ಪು ಒಡೆಯಿತು. ಗಾಡಿಯ ಹಿಂಭಾಗ ಯಾರೋ ಕೆಳಗಿನಿಂದ ಜಗ್ಗಿದಂತೆ ಕುಸಿಯಿತು. ನಾಸಿರ ಗಾಬರಿಯಿಂದ ಎಕ್ಸಿಲರೇಟರ್ ತುಳಿದ. ಗಾಲಿ ಗಿರ್ರೆಂದು ತಿರುಗಿ ಕರಿ ರಾಡಿ ಹಿಂದಕ್ಕೆ ಚಿಮ್ಮಿತು. ಇನ್ನೊಮ್ಮೆ ತುಳಿದ. ಇನ್ನಷ್ಟು ಇಳಿಯಿತು.

ಹಿಂದೆ ತಳ್ಳುತ್ತಿದ್ದ ಕೆಂಪವ್ವ ಮುಖ ಒರೆಸಿಕೊಂಡು ಹೊರಬಂದಳು. "ಮದುಮಗಳಿಗೆ ಅರಿಷಿಣ ಹಚ್ಚಿದಾಂಗ ಹಚ್ಚಿದೆಲ್ಲೋ ನಾಸಿರ. ಗಂಡನ್ನೂ ನೀನ ಹುಡುಕಿ ಕೊಡು ಈಗ."

ಯಾರೂ ನಗಲಿಲ್ಲ. ನಾಸಿರ ಇಳಿದು ಬಗ್ಗಿ ನೋಡಿದ. ಹಿಂದಿನ ಎರಡೂ ಗಾಲಿ ಅರ್ಧಕ್ಕಿಂತ ಹೆಚ್ಚು ಮುಳುಗಿ, ನಡುವಿನ ಅಚ್ಚು ರಾಡಿಯ ಮೇಲೆ ಕೂತುಬಿಟ್ಟಿತ್ತು. ಗಟ್ಟಿ ಗರಸಿನ ನೆಲ ಎದುರಿಗೇ ಇತ್ತು, ಇಪ್ಪತ್ತು ಮಾರಿನಾಚೆ. ಹಿಂದೆ ಹದಿನೈದು ಮಾರು ದೂರದಲ್ಲಿ ನೀರು.

ಕೆಂಪವ್ವ ತೊಗರಿಕಟ್ಟಿಗೆಯೊಂದಕ್ಕೆ ಬೆರಳಗಲದ ಗುರುತು ಕೊರೆದು ನೀರಿನಂಚಿಗೆ ನೆಟ್ಟಳು. ಸಪಾಟು ನೆಲ, ನೀರು ಒಂದು ಬೆರಳು ಏರಿದರೆ ಒಂದು ಮಾರು ಮುಂದೆ ಬರುತ್ತಿತ್ತು. ಊರಿಗೆ ಹೋಗಿ ಟ್ರ್ಯಾಕ್ಟರ್ ತರಲು ನಾಲ್ಕು ಮೈಲಿ ನಡೆಯಬೇಕು. ತಂದರೂ ಅದಕ್ಕಿಂತ ಮೊದಲೇ ನೀರು ಬಂದಿರುತ್ತದೆ ಎಂಬುದು ಮೂವರಿಗೂ ತಿಳಿದಿತ್ತು.

ಈ ಗಾಡಿ ಬರುವ ಮೊದಲು ನಾಸಿರ ಹನ್ನೊಂದು ವರ್ಷ ಪರರ ಲಾರಿಯಲ್ಲಿ ಕ್ಲೀನರ್ ಆಗಿದ್ದ. ಈಗ ಬೈಲಹೊಂಗಲದ ಸಂತೆಗೆ ಕಾಯಿಪಲ್ಲೆ ಒಯ್ಯುವ ಇದೊಂದರ ಮೇಲೆ ಎರಡು ಮನೆಯ ಒಲೆ ಉರಿಯುತ್ತಿತ್ತು.

ಸಲಿಕೆಯಿಂದ ತೋಡಿದರು. ತೋಡಿದಷ್ಟೂ ರಾಡಿ ಒಳಗೆ ಹರಿಯಿತು. ಬೇಗಂಬಿ ಸೌತಿ ಬಳ್ಳಿಗಳನ್ನು ಕಾಯಿ ಸಮೇತ ಕಿತ್ತು ಗಾಲಿಯ ಮುಂದೆ ತುರುಕಿದಳು. ಗಾಲಿ ಅವನ್ನು ನುರಿದು ಹಿಂದಕ್ಕೆ ಉಗುಳಿತು. ಹಲಗೆಗಳನ್ನು ಗಾಲಿಯಡಿ ಕೊಟ್ಟರು, ಒಂದು ಮುರಿಯಿತು, ಇನ್ನೊಂದು ಹೂತುಹೋಯಿತು. ನಾಸಿರ ಜಾಕ್ ಇಟ್ಟು ತಿರುಗಿಸಿದ. ಜಾಕ್ ಗಾಡಿಯನ್ನು ಎತ್ತುವ ಬದಲು ತಾನೇ ಕೆಳಗಿಳಿಯಿತು.

"ಇಷ್ಟು ಹಸಿ ಹೆಂಗ ಉಳೀತು ಇಲ್ಲಿ?" ಎಂದು ಅವನು ರಾಡಿಯನ್ನು ಹಿಂಡಿ ನೋಡಿದ. "ಮಳಿ ಇಲ್ಲ, ಏನಿಲ್ಲ."

ಬೇಗಂಬಿ ಸಲಿಕೆ ಊರಿ ನಿಂತಳು. ನೀರು ಬರುವುದರೊಳಗೆ ಇನ್ನೊಂದು ಸಲ ಕಾಯಿ ಕೊಯ್ಯಬಹುದೆಂಬ ಆಸೆಗೆ ಅವಳು ಮೊನ್ನೆ ಮಡಿಗೆ ಕೊನೆಯ ನೀರು ಹಾಯಿಸಿದ್ದಳು. ಒಡ್ಡು ಒಡೆದು ನೀರು ದಾರಿಗೆ ನುಗ್ಗಿದ್ದನ್ನೂ ನೋಡಿದ್ದಳು. ಮೇಲೆ ಬಿಸಿಲಿಗೆ ಹೆಪ್ಪುಗಟ್ಟಿದ್ದನ್ನು ನಂಬಿದ್ದಳು. ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನಾನ ಬಿಟ್ಟೇನಿ ನೀರ," ಎಂದಳು. "ಮೊನ್ನಿ. ಒಡ್ಡು ಒಡದಿತ್ತು."

ನಾಸಿರ ಅವಳನ್ನೇ ನೋಡಿದ. ಬೈಯಲು ಬಾಯಿ ತೆರೆದವನು ಅತ್ತಿಗೆ ಎಂದು ತಡೆದುಕೊಂಡ. "ಬಿಡ್ರಿ ಭಾಬಿ. ಆಗಿದ್ದಾತು. ಕಲ್ಲ ಬೇಕು ಈಗ. ಜಾಕಿನ ತಳಕ್ಕೊಂದು, ಗಾಲಿಗೆ ನಾಕಾರು."

ಇಪ್ಪತ್ತೇಳು ವರ್ಷ ನೀರು ತಂದು ಹಾಸಿದ ಆ ಗೋಡುಮಣ್ಣಿನಲ್ಲಿ ಬೆಣಚುಕಲ್ಲು ಕೂಡ ಸಿಗುತ್ತಿರಲಿಲ್ಲ. ಕಲ್ಲೆಂದರೆ ಹಳೇ ಊರಿನದ್ದು. ಕೂಗಳತೆಯ ದೂರದಲ್ಲಿ ಮುಳುಗಿದ ಊರಿನ ತಳಪಾಯಗಳು ಬೇಸಿಗೆಯ ಕೊನೆಗೆ ತಲೆ ಎತ್ತಿ ನಿಂತಿದ್ದವು. ಎಲ್ಲಕ್ಕಿಂತ ಹತ್ತಿರದ್ದು ಓಣಿಯ ಮೊದಲಿಗೇ ಇದ್ದ ಯಮನಪ್ಪನ ಮನೆಯದು. ನಾಸಿರ ಹಾರೆ ಹಿಡಿದು ಅತ್ತ ನಡೆದ. ಕೆಂಪವ್ವ ಅಡ್ಡ ನಿಂತಳು.

ಊರು ಬಿಡುವಾಗ ಹಿರಿಯರು ಆಡಿದ ಮಾತು ಅದು: ಯಾರ ಮನೆಯ ಕಲ್ಲು ಅವರದೇ. ಒಯ್ಯುವುದಿದ್ದರೆ ಅವರೇ ಒಯ್ಯಬೇಕು. ನೀರಿನಡಿ ಇದ್ದರೂ ಅದು ಮನೆಯೇ. ಅಂದಿನಿಂದ ಈವರೆಗೆ ಯಾರೂ ಇನ್ನೊಬ್ಬರ ಕಲ್ಲು ಮುಟ್ಟಿರಲಿಲ್ಲ.

"ಹಂಗಾರ ನಿಮ್ಮ ಮನಿವು ಕೀಳ್ರಿ," ಎಂದ ನಾಸಿರ, ಸಿಟ್ಟಿನಿಂದ.

"ನಮ್ಮದು ಮಣ್ಣಿನ ಮನಿ," ಎಂದಳು ಕೆಂಪವ್ವ. "ಮೊದಲನೇ ವರ್ಷಾನ ಕರಗಿ ಹೋತು. ಕೀಳಾಕ ಏನೈತಿ?"

ಬೇಗಂಬಿ ನಾಸಿರನ ಕೈಯಿಂದ ಹಾರೆಯನ್ನು ಇಸಿದುಕೊಂಡು ಮುಂದೆ ನಡೆದಳು.

ಅವಳು ಹುಟ್ಟಿದ ಮನೆಯ ತಳಪಾಯ ಓಣಿಯ ತುದಿಗಿತ್ತು. ಪ್ರತಿ ಬೇಸಿಗೆ ಯಾರೂ ಇಲ್ಲದ ಹೊತ್ತು ನೋಡಿ ಅವಳು ಅಲ್ಲಿಗೆ ಹೋಗಿ, ಕಲ್ಲುಗಳ ಮೇಲೆ ಕೂತ ಗೋಡನ್ನು ಕೈಯಿಂದ ಬಳಿದು ಬರುತ್ತಿದ್ದಳು. ಅಲ್ಲಿ ಅಡುಗೆಮನೆ, ಇಲ್ಲಿ ಅವ್ವ ಕೂತು ಬೀಸುತ್ತಿದ್ದ ಜಾಗ. ಅಣ್ಣಂದಿರು ಕಲ್ಲು ಒಯ್ಯುತ್ತೇವೆಂದಾಗ ಜಗಳ ಮಾಡಿ ನಿಲ್ಲಿಸಿದ್ದಳು. ಹೊಸ ಊರಿನಲ್ಲಿ ಇಷ್ಟು ವರ್ಷ ಬಾಳಿದರೂ ಮನೆ ಎಂಬ ಮಾತು ಕಿವಿಗೆ ಬಿದ್ದರೆ ಅವಳ ಕಣ್ಣ ಮುಂದೆ ಬರುತ್ತಿದ್ದುದು ಇದೇ.

ಹೊಸ್ತಿಲಿನ ಮುಂದಿದ್ದ ಅಗಲವಾದ ಚಪ್ಪಡಿಯ ಸಂದಿಗೆ ಹಾರೆ ಇಟ್ಟು ಮೈಭಾರ ಹಾಕಿದಳು. ಅಲುಗಲಿಲ್ಲ. ಕೆಂಪವ್ವ ಬಂದು ತನ್ನ ಭಾರವನ್ನೂ ಸೇರಿಸಿದಳು. ನೆಲದಿಂದ ಹಲ್ಲು ಕಿತ್ತಂತೆ ಸದ್ದಾಗಿ ಚಪ್ಪಡಿ ಎದ್ದಿತು.

ಅಳು ಬರುತ್ತದೆ ಎಂದುಕೊಂಡಿದ್ದಳು. ಬರಲಿಲ್ಲ. ಹೊತ್ತಿರಲಿಲ್ಲ.

ಚಪ್ಪಡಿಯನ್ನು ಹಗ್ಗ ಕಟ್ಟಿ ಮೂವರೂ ಎಳೆದು ತಂದರು. ಅಲ್ಲಿಂದಲೇ ಕಿತ್ತ ಇನ್ನೂ ಎಂಟು ಕಲ್ಲನ್ನು ಹೆಂಗಸರಿಬ್ಬರು ಸಿಂಬಿ ಇಟ್ಟು ತಲೆಯ ಮೇಲೆ ಹೊತ್ತರು. ನಾಲ್ಕನೆಯ ಸಲ ಬರುವಾಗ ತೊಗರಿಕಟ್ಟಿಗೆ ಕಾಣಲಿಲ್ಲ. ನೀರು ಗಾಡಿಯ ಹಿಂದಿನ ಗಾಲಿಗೆ ಬಂದು ಮುಟ್ಟಿತ್ತು.

ಚಪ್ಪಡಿಯ ಮೇಲೆ ಜಾಕ್ ನಿಂತಿತು. ನಾಸಿರ ತಿರುಗಿಸಿದ. ರಾಡಿ ಲೊಚಕ್ಕೆಂದು ಬಾಯಿ ಬಿಟ್ಟು ಎಡಗಾಲಿಯನ್ನು ಕೊಟ್ಟಿತು. ಬೇಗಂಬಿ ಹೊಟ್ಟೆಯ ಮೇಲೆ ಮಲಗಿ, ತೋಳುದ್ದ ಕೈಚಾಚಿ, ಗಾಲಿಯಡಿ ಕಲ್ಲು ತಳ್ಳಿದಳು. ಜಾಕ್ ಜಾರಿದರೆ ಕೈ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಎರಡು ಕಲ್ಲು. ನಂತರ ಬಲಗಾಲಿ, ಎರಡು ಕಲ್ಲು. ಉಳಿದ ನಾಲ್ಕು ಎರಡೂ ಗಾಲಿಗಳ ಮುಂದೆ.

ನಾಸಿರ ಒಳಗೆ ಹತ್ತಿದ. ಹೊಗೆಕೊಳವೆಯ ಬಾಯಿಗೆ ನೀರು ತಾಗಿ ಗುಳುಗುಳು ಎನ್ನುತ್ತಿತ್ತು.

"ಜೋರ ತುಳೀಬ್ಯಾಡ," ಎಂದಳು ಬೇಗಂಬಿ. "ಎತ್ತಿನ ಬೆನ್ನ ಮ್ಯಾಲೆ ಕೈ ಇಟ್ಟಾಂಗ, ಮೆತ್ತಗ."

ಅವನು ಮೆತ್ತಗೆ ಬಿಟ್ಟ. ಗಾಡಿ ನಡುಗಿತು. ಕಲ್ಲಿನ ಮೇಲೆ ಗಾಲಿ ಕಚ್ಚಿಕೊಂಡಿತು. ಎರಡು ಮಾರು ಮುಂದೆ ಬಂದು ನಿಂತಿತು.

ಇನ್ನು ಹದಿನೆಂಟು ಮಾರು. ಇರುವುದು ಎಂಟು ಕಲ್ಲು. ಹಿಂದಿನವನ್ನು ನೀರಿನಲ್ಲಿ ತಡಕಿ ಕಿತ್ತು ಮುಂದೆ ಹಾಸಬೇಕು. ಅಷ್ಟು ಹೊತ್ತು ಗಾಡಿ ಸಣ್ಣಗೆ ಕುಸಿಯುತ್ತಿರುತ್ತದೆ. ಹಾಸಿದರು, ಸರಿದರು. ಕಿತ್ತರು, ಹಾಸಿದರು. ನೀರು ಮೀನಖಂಡದವರೆಗೆ ಬಂತು. ಐದನೆಯ ಸಲ ಗಾಲಿಯಡಿಯಿಂದ ಒಂದು ಕಲ್ಲು ಸಿಡಿದು ಕೆಂಪವ್ವನ ಮೊಣಕಾಲ ಕೆಳಗೆ ಬಡಿಯಿತು. ಅವಳು ನೀರಿನಲ್ಲಿ ಕುಸಿದು ಕೂತಳು. ಬೇಗಂಬಿ ಹಿಡಿದೆತ್ತಲು ಹೋದಳು.

"ನನ್ನ ಬಿಡು, ಕಲ್ಲ ನೋಡು," ಎಂದು ಕೆಂಪವ್ವ ಕೂತಲ್ಲಿಂದಲೇ ತಡಕಿ, ಬಡಿದ ಆ ಕಲ್ಲನ್ನೇ ಎತ್ತಿ ಕೊಟ್ಟಳು. "ಗಟ್ಟಿ ಮನಿ ಬಿಡವ್ವ ನಿಮ್ಮದು. ನನ್ನ ಎಲುಬಿಗಿಂತ ಗಟ್ಟಿ."

ಆಗ ಮಾತ್ರ ಬೇಗಂಬಿಗೆ ನಗು ಬಂತು, ಉಸಿರು ಕಟ್ಟುವಂಥ ನಗು.

ಇನ್ನು ನಾಲ್ಕು ಸಲ. ಕೊನೆಯ ಸಲಕ್ಕೆ ಐದೇ ಕಲ್ಲು ಸಿಕ್ಕವು. ಉಳಿದವನ್ನು ರಾಡಿ ನುಂಗಿತ್ತು. ಇರುವುದನ್ನೇ ಹಾಸಿ ಇಬ್ಬರೂ ಹಿಂದಿನಿಂದ ಬೆನ್ನು ಕೊಟ್ಟರು. ಗಾಲಿ ಒಮ್ಮೆ ಜಾರಿತು. ಬೇಗಂಬಿ ಕಣ್ಣು ಮುಚ್ಚಿದಳು. ಬೆನ್ನಿಗಿದ್ದ ಕಬ್ಬಿಣ ಒಮ್ಮೆಲೆ ದೂರ ಸರಿದು ಇಬ್ಬರೂ ಹಿಂದಕ್ಕೆ ರಾಡಿಯಲ್ಲಿ ಬಿದ್ದರು. ಕಣ್ಣು ತೆರೆದಾಗ ಮುಂದಿನ ಗಾಲಿಗಳಡಿ ಗರಸು ಕರಕರ ಎನ್ನುತ್ತಿತ್ತು.

ಗಟ್ಟಿ ನೆಲದ ಮೇಲೆ ಗಾಡಿ ನಿಲ್ಲಿಸಿ ನಾಸಿರ ಇಳಿದ. ಬಗ್ಗಿ ಹಿಂದಿನ ಎರಡೂ ಗಾಲಿಗಳನ್ನು ಮುಟ್ಟಿ ನೋಡಿದ. ಆಮೇಲೆ ಕಲ್ಲುಗಳನ್ನು ತರುತ್ತೇನೆಂದು ತಿರುಗಿದ. ಅವು ಇದ್ದ ಜಾಗದಲ್ಲಿ ಬಿಸಿಲು ಬಿದ್ದ ನೀರು ಸಪಾಟಾಗಿ ಹೊಳೆಯುತ್ತಿತ್ತು. ಹಳೇ ಊರಿನ ತಳಪಾಯಗಳೂ ಒಂದೊಂದಾಗಿ ಮುಳುಗುತ್ತಿದ್ದವು.

"ನಿಮ್ಮ ಮನಿ ಬಾಗಲಾ ಹೋತಲ್ರಿ ಭಾಬಿ," ಎಂದ, ತಗ್ಗಿದ ದನಿಯಲ್ಲಿ.

ಬೇಗಂಬಿ ಸೆರಗಿನಿಂದ ಕೆಂಪವ್ವನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದಳು. ಹೋಗಲಿ ಎಂಬಂತೆ ತಲೆಯಾಡಿಸಿದಳು.

ಸಂಜೆಯ ಹೊತ್ತಿಗೆ ಹೊಸ ಊರು ತಲುಪಿದರು. ಚಹದಂಗಡಿಯ ಮುಂದೆ ಜನ ಇಂಜಿನ್ ನೋಡಿ, ರಾಡಿಯಾದ ಮೂವರನ್ನು ನೋಡಿ, ಸುತ್ತುವರಿದರು. ನಾಸಿರ ಕತೆ ಹೇಳಿದ. ಒಡ್ಡು ಒಡೆದ ಸಂಗತಿಯನ್ನು ಅವನು ಹೇಳಲಿಲ್ಲ. ಬೇಗಂಬಿ ಅದನ್ನು ಗಮನಿಸಿದಳು.

ಕೆಂಪವ್ವನ ಓಣಿ ಊರ ತಗ್ಗಿನಲ್ಲಿತ್ತು. ಅವಳ ಬಾಗಿಲ ಮುಂದೆ ಮೋರಿಯ ನೀರು ನಿಂತು ಹೊಂಡವಾಗಿತ್ತು. ದಾಟಲು ಎರಡು ಒಡಕು ಇಟ್ಟಿಗೆ ಇಟ್ಟಿದ್ದರು. ಈ ಬಾಗಿಲಿಗೆ ನೂರು ಸಲ ಬಂದಿದ್ದರೂ ಬೇಗಂಬಿ ಆ ಇಟ್ಟಿಗೆಗಳನ್ನು ನೋಡಿದ್ದು ಇಂದೇ. ಕೆಂಪವ್ವ ನೋವಿನ ಕಾಲನ್ನು ಎತ್ತಿ ಇಟ್ಟಿಗೆಯಿಂದ ಇಟ್ಟಿಗೆಗೆ ಕುಂಟುತ್ತ ದಾಟಿ, ತಿರುಗಿ, ನಾಳೆ ಇಂಜಿನ್ನಿನ ರಾಡಿ ತೊಳೆಯಲು ಬರುತ್ತೇನೆಂದು ಕೂಗಿ ಹೇಳಿ ಒಳಗೆ ಹೋದಳು.

ಮನಸ್ಸಿಗೆ ಬಂದದ್ದನ್ನು ಈಗಲೇ ಹೇಳಿದರೆ ಕೆಂಪವ್ವ ನಕ್ಕು ಬೇಡವೆನ್ನುತ್ತಾಳೆ. ಮೀರಾಸಾಬ ನೂರು ಪ್ರಶ್ನೆ ಕೇಳುತ್ತಾನೆ. ಫೆಬ್ರವರಿಯಲ್ಲಿ ನೀರು ಸರಿದ ಮೇಲೆ ಗಾಡಿ ಮೊದಲ ಖೇಪಿಗೆ ಏನು ಹೇರಿಕೊಂಡು ಬರುವುದೆಂದು ಆಗ ನೋಡಿದರಾಯಿತು.

ತವರಿನ ತಳಪಾಯದಲ್ಲಿ ಉಳಿದ ಕಲ್ಲು ಎಷ್ಟೆಂದು ಬೇಗಂಬಿಗೆ ನೋಡದೆಯೂ ಗೊತ್ತಿತ್ತು. ನಾಸಿರ ಗಾಡಿ ತಿರುಗಿಸುವಾಗ ಅವಳು ಹೊಂಡದ ಆಳವನ್ನೂ ಬಾಗಿಲಿನ ಎತ್ತರವನ್ನೂ ಕಣ್ಣಳತೆಯಲ್ಲಿ ಹಿಡಿದಳು. ಮೂರು ಮೆಟ್ಟಿಲಾಗುತ್ತವೆ. ಬದಿಗೊಂದು ಕಟ್ಟೆಗೂ ಸಾಲುತ್ತವೆ.