ಅವಳು ಕಾದ ಕಾಲು ತಾಸು

"ಆ ಸಿರಿಂಜ್ ಕೆಳಗ ಇಡ್ರಿ!"

ಸಮೀನಾಳ ಕೈ ಗಾಳಿಯಲ್ಲೇ ನಿಂತಿತು.

ಮಹಾರಾಷ್ಟ್ರದ ಗಡಿ ಊರು ಜತ್ತಿನ ಆ ಖಾಸಗಿ ಆಸ್ಪತ್ರೆಯಲ್ಲಿ ಅದು ಅವಳ ಮೊದಲ ದಿನ. ಎದುರಿಗೆ ಜ್ವರದ ಮುದುಕನೊಬ್ಬ ತೋಳು ಚಾಚಿ ಕೂತಿದ್ದ. ಬಾಗಿಲಲ್ಲಿ ನಿಂತು ಕೂಗಿದವನನ್ನು ಅವಳು ಹಿಂದೆ ಎಂದೂ ನೋಡಿರಲಿಲ್ಲ.

"ನೀವು ಯಾರ್ರಿ?"

"ಸೈಫ. ಇಲ್ಲಿ ರೆಸಿಡೆಂಟ್ ಡಾಕ್ಟರ್. ರಷ್ಯಾದಾಗ ಕಲ್ತು ಬಂದವರು ನೀವ ಹೌದಲ್ಲ? ಸ್ಕ್ರೀನಿಂಗ್ ಪರೀಕ್ಷಾ ಪಾಸ್ ಆಗೇದೇನು?"

ಬೆಂಚಿನ ತುಂಬ ಕೂತಿದ್ದ ಜನ ಅವಳ ಮುಖವನ್ನೇ ನೋಡುತ್ತಿದ್ದರು.

"...ಇಲ್ಲ."

"ಹಂಗಾದ್ರ ನೀವಿನ್ನೂ ಡಾಕ್ಟರ್ ಅಲ್ಲ. ನಾ ಇಲ್ಲದಾಗ ಯಾರಿಗೂ ಸೂಜಿ ಚುಚ್ಚಬ್ಯಾಡ್ರಿ."

ಮುದುಕ ಚಾಚಿದ ತೋಳನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಸೈಫನ ಮಾತಿಗಿಂತ ಅದೇ ಅವಳನ್ನು ಹೆಚ್ಚು ಸುಟ್ಟಿತು.

ಇದು ೨೦೦೫ರ ಮಾತು. ಹೊರದೇಶದಲ್ಲಿ ವೈದ್ಯಕೀಯ ಓದಿ ಬಂದವರು ದಿಲ್ಲಿಯಲ್ಲಿ ನಡೆಯುವ ಸ್ಕ್ರೀನಿಂಗ್ ಪರೀಕ್ಷೆ ಪಾಸಾಗಬೇಕು. ಆಗದಿದ್ದರೆ ಡಿಗ್ರಿ ಇದ್ದರೂ ವೈದ್ಯರಲ್ಲ. ಸಮೀನಾ ಎರಡು ಸಲ ಫೇಲಾಗಿದ್ದಳು. ಗುಡ್ಡಾಪುರದಲ್ಲಿ ದಾನಮ್ಮದೇವಿ ಗುಡಿಯ ಹಾದಿಯಲ್ಲಿ ಅವಳ ಅಬ್ಬಾ ಇಸಾಕನ ಬಳೆ ಅಂಗಡಿ. ಬಳೆ ತೊಡಿಸಿಕೊಳ್ಳಲು ಕೈ ಕೊಟ್ಟ ಹೆಂಗಸರಿಗೆಲ್ಲ ಅವನು, "ನನ್ನ ಮಗಳು ಡಾಕ್ಟರ್ ಅದಾಳ್ರಿ" ಎಂದು ಹೇಳದೆ ಬಿಡುತ್ತಿರಲಿಲ್ಲ. ಆ ಮಾತು ಕೇಳಲಾಗದೆ ಅವಳು ಜತ್ತಿಗೆ ಬಂದಿದ್ದಳು. ಆಸ್ಪತ್ರೆಯ ಹಿರಿಯ ವೈದ್ಯ ಅಪ್ಪಾಸಾಹೇಬರು, "ವಾರ್ಡಿನ್ಯಾಗ ನೋಡಿ ಕಲಿ, ಪರೀಕ್ಷಾಕ್ಕ ಓದು" ಎಂದು ಜಾಗ ಕೊಟ್ಟಿದ್ದರು.

ಮೊದಲ ವಾರ ಅವಳು ಸೈಫನನ್ನು ಮನಸಾರೆ ದ್ವೇಷಿಸಿದಳು.

ಆಮೇಲೆ ಒಂದು ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ಅವನೇ ಬಂದು ಎದುರಿಗೆ ಕೂತ.

"ಪುಸ್ತಕ ಮುಚ್ರಿ. ನಾ ಕೇಳ್ತೀನಿ, ನೀವು ಹೇಳ್ರಿ."

ಅಂದಿನಿಂದ ಅದು ದಿನದ ರೂಢಿಯಾಯಿತು. ಅವಳು ತಡವರಿಸಿದರೆ ಅವನು ಸುಮ್ಮನೆ ಕಾಯುತ್ತಿದ್ದ. ಕೆಲವು ಪದಗಳು ಅವಳಿಗೆ ರಷ್ಯನ್ನಿನಲ್ಲೇ ಮೊದಲು ನೆನಪಾಗುತ್ತಿದ್ದವು. ಅದನ್ನು ಕೇಳಿ ಅವನು ನಕ್ಕಾಗ ಕೆನ್ನೆಯಲ್ಲಿ ಒಂದೇ ಕಡೆ ಗುಳಿ ಬೀಳುತ್ತಿತ್ತು.

*ಇವನಿಗೆ ನಗಾಕೂ ಬರ್ತದ!*

ನರ್ಸ್ ಹಣಮವ್ವ ಬಿಡುವವಳೇ? "ಸೈಫ ಸಾಹೇಬ್ರ, ಪರೀಕ್ಷಾ ಯಾರದ್ರಿ? ಅವರು ಬುಕ್ಕ ನೋಡ್ತಾರ, ನೀವು ಅವರ ಮಾರಿ ನೋಡ್ತೀರಿ!"

"ಹಣಮವ್ವ, ವಾರ್ಡಿನ್ಯಾಗ ಕೆಲಸ ಇಲ್ಲೇನ ನಿನಗ?"

"ಭಾಳ ಅದ ರೀ. ಆದ್ರ ಇಷ್ಟು ಮಜಾ ಇಲ್ಲ!"

ಸಮೀನಾ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು. ಆದರೆ ಎಷ್ಟೇ ನಕ್ಕರೂ ಒಂದು ವಿಷಯದಲ್ಲಿ ಮಾತ್ರ ಅವನು ಕರಗಲಿಲ್ಲ. ಸೂಜಿ ಮುಟ್ಟಬಾರದು... ಅವನಿಲ್ಲದೆ ಯಾರಿಗೂ ಔಷಧ ಕೊಡಬಾರದು.

*ನನ್ನ ಮ್ಯಾಲ ಇವನಿಗೆ ನಂಬಿಕಿ ಇಲ್ಲ...* ಎಂಬ ಮುಳ್ಳು ಪ್ರೀತಿಯ ಜೊತೆಗೇ ಬೆಳೆಯಿತು.

ಆ ದಿನ ಅಪ್ಪಾಸಾಹೇಬರು ಸಾಂಗಲಿಗೆ ಹೋಗಿದ್ದರು. ಸೈಫ ಕರಜಗಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕಲು ಹೋಗಿದ್ದ. ಬಿಸಿಲು ಏರುವ ಹೊತ್ತಿಗೆ ಆಸ್ಪತ್ರೆಯ ಮುಂದೆ ಒಂದು ಜೀಪು ಬಂದು ನಿಂತಿತು.

"ಡಾಕ್ಟರ್ ಬಾಯಿ! ಲಗೂನ ಬರ್ರಿ! ನನ್ನ ಮಗಳು... ರೂಪಾಲಿ..."

ಯಳವಿ ಊರಿನ ಸಿದ್ದಲಿಂಗವ್ವ. ಮಗಳು ದಾಳಿಂಬೆ ತೋಟಕ್ಕೆ ಔಷಧ ಹೊಡೆಯಲು ಕೂಲಿಗೆ ಹೋಗಿದ್ದಳಂತೆ. ಮೂಗಿಗೆ ಬಟ್ಟೆಯಿಲ್ಲ, ಕೈಗೆ ಗವಸಿಲ್ಲ. ಅಲ್ಲೇ ಬಿದ್ದಿದ್ದಳು.

ಕೀಟನಾಶಕದ ವಿಷ ಏರಿದೆಯೆಂದು ಸಮೀನಾ ನೋಡಿದ ಕೂಡಲೇ ಗುರುತಿಸಿದಳು. ಬಾಯಲ್ಲಿ ನೊರೆ. ಮೈಯೆಲ್ಲ ಬೆವರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕುಗ್ಗಿದೆ. ಎದೆಯಲ್ಲಿ ಗೊರಗೊರ ಸದ್ದು. ಅದಕ್ಕೆ ಕೊಡಬೇಕಾದ ಮದ್ದು ಅಟ್ರೋಪಿನ್. ಕಪಾಟಿನಲ್ಲಿತ್ತು.

ನೊರೆ ಒರೆಸಿ, ರೂಪಾಲಿಯನ್ನು ಮಗ್ಗುಲಾಗಿ ಮಲಗಿಸಿ, ಆಕ್ಸಿಜನ್ ಹಚ್ಚಿದಳು. ಹಣಮವ್ವ ಸಿರಿಂಜಿಗೆ ಔಷಧ ಎಳೆದು ತಂದಳು. "ಹೇಳ್ರಿ ಬಾಯಿ, ಕೊಡಲಿ?"

ಸಮೀನಾಳ ಕಿವಿಯಲ್ಲಿ ಸೈಫನ ಮಾತು ಮೊಳಗಿತು. *ನೀವಿನ್ನೂ ಡಾಕ್ಟರ್ ಅಲ್ಲ...*

"ಒಂದು ನಿಮಿಷ ತಡಿ. ಸೈಫ ಅವರಿಗಿ ಫೋನ್ ಹಚ್ಚತೀನಿ."

ಕರಜಗಿಯ ಪಂಚಾಯಿತಿ ಆಫೀಸಿನಲ್ಲಿ ಫೋನ್ ಬಡಿದುಕೊಂಡಿತು. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು. ಯಾರೋ ಎತ್ತಿ, "ಕರ್ಕೊಂಡು ಬರ್ತೀನಿ, ತಡೀರಿ" ಎಂದರು. ಅವಳು ತಡೆದಳು. ರಿಸೀವರ್ ಬೆವರಿನಲ್ಲಿ ಜಾರುತ್ತಿತ್ತು. ಆ ಕಡೆ ಬರೀ ಗಾಳಿಯ ಸದ್ದು...

ಕಾಲು ತಾಸು.

ಒಳಗಿನಿಂದ ಸಿದ್ದಲಿಂಗವ್ವ ಚೀರಿದಾಗ ಸಮೀನಾ ರಿಸೀವರ್ ಎಸೆದು ಓಡಿದಳು. ತಾನೇ ಚುಚ್ಚಿದಳು. ಮತ್ತೆ ಚುಚ್ಚಿದಳು. ಜೀಪಿನಲ್ಲಿ ಹಾಕಿ ಮಿರಜಿನ ದೊಡ್ಡ ಆಸ್ಪತ್ರೆಗೆ ಕಳಿಸುವಾಗ ರೂಪಾಲಿಯ ಉಸಿರು ಇನ್ನೂ ಇತ್ತು.

ಹಾದಿಯಲ್ಲಿ ಅದೂ ನಿಂತಿತು.

ಸಂಜೆ ಪೊಲೀಸರು ಬಂದರು. ರೂಪಾಲಿಯ ಬಳಗದವರು ಪಡಸಾಲೆಯಲ್ಲಿ ಕೂಗಾಡುತ್ತಿದ್ದರು. ಕರಜಗಿಯಿಂದ ಮರಳಿದ್ದ ಸೈಫ ಅವರೆದುರು ನಿಂತಿದ್ದ. ಗೋಡೆಯಾಚೆ ನಿಂತ ಸಮೀನಾಳಿಗೆ ಅವನ ದನಿ ಸ್ಪಷ್ಟವಾಗಿ ಕೇಳಿತು.

"ಆಕಿನ್ನ ಏನು ಕೇಳ್ತೀರಿ? ಆಕಿ ಡಾಕ್ಟರ್ ಅಲ್ಲ. ಆಕಿಗಿ ಏನೂ ಗೊತ್ತಿಲ್ಲ. ಔಷಧ ಕೊಡಾಕ ಹೇಳಿದಾಂವ ನಾ. ಏನರ ಕೇಳೂದಿದ್ರ ನನ್ನ ಕೇಳ್ರಿ."

*ಆಕಿಗಿ ಏನೂ ಗೊತ್ತಿಲ್ಲ.*

ಅದರ ಮುಂದಿನ ಮಾತು ಅವಳ ಮನಸ್ಸಿಗೆ ಇಳಿಯಲೇ ಇಲ್ಲ. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಗುಡ್ಡಾಪುರದ ಬಸ್ಸು ಹತ್ತಿದಳು.

ಅಬ್ಬಾ ಅಂಗಡಿಯಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ, ಅಷ್ಟೇ. ಮಗಳು ಡಾಕ್ಟರ್ ಎನ್ನುವುದನ್ನು ಬಿಟ್ಟುಬಿಟ್ಟ. ಚಿಕ್ಕ ಹುಡುಗಿಯರ ಮಣಿಕಟ್ಟು ಹಿಡಿದಾಗಲೆಲ್ಲ ಸಮೀನಾಳ ಬೆರಳು ತಾನಾಗಿ ನಾಡಿ ಹುಡುಕುತ್ತಿತ್ತು. ಆಗ ಬಳೆ ಒಡೆಯುತ್ತಿತ್ತು.

ದಿಲ್ಲಿಯ ಪರೀಕ್ಷೆಗೆ ಸ್ವಲ್ಪ ದಿನ ಉಳಿದಿರುವಾಗ ಸೈಫ ಅಂಗಡಿಯ ಮುಂದೆ ಬಂದು ನಿಂತ. ಗಡ್ಡ ಬೆಳೆದಿತ್ತು. ಇಳಿದುಹೋಗಿದ್ದ.

"ಬಳಿ ಬೇಕೇನ್ರಿ?" ಎಂದಳು, ತಲೆ ಎತ್ತದೆ.

"ಸಮೀನಾ... ಪರೀಕ್ಷಾಕ್ಕ ಕುಂದ್ರಬೇಕು ನೀವು."

"ಯಾಕ? ಏನೂ ಗೊತ್ತಿಲ್ಲದಾಕಿ ಯಾಕ ಕುಂದ್ರಬೇಕು?"

ಅವನ ಮುಖ ಬಿಳುಚಿತು. ಇಸಾಕ ಒಮ್ಮೆ ಇಬ್ಬರನ್ನೂ ನೋಡಿ, ಚಹಾ ತರುತ್ತೇನೆಂದು ಎದ್ದು ಹೋದ.

"ಅಸ್ಲಮ್ ಅಂತ ನಮ್ಮ ಅಣ್ಣ," ಸೈಫ ನೆಲ ನೋಡುತ್ತ ಹೇಳಿದ. "ನಿಮ್ಮಂಗ ಹೊರದೇಶದಾಗ ಕಲ್ತಾಂವ. ಪರೀಕ್ಷಾ ಪಾಸಾಗಿರಲಿಲ್ಲ. ಒಂದು ಕೂಸಿಗಿ ಇಂಜೆಕ್ಷನ್ ಕೊಟ್ಟ. ಕೂಸು ಹೋತು. ಜನ ಹೊಡದ್ರು. ಬೋಗಸ್ ಡಾಕ್ಟರ್ ಅಂತ ಪೇಪರಿನ್ಯಾಗ ಫೋಟೋ ಬಂತು. ಜೇಲಿನಿಂದ ಬಂದಾಂವ ಮನಿ ಬಿಟ್ಟು ಹೋದ... ಎಲ್ಲಿ ಅದಾನೋ ಗೊತ್ತಿಲ್ಲ. ನಿಮ್ಮ ಕೈಯಾಗ ಸಿರಿಂಜ್ ನೋಡಿದಾಗ ನನಗ ಅಣ್ಣನ ಕೈ ಕಂಡಂಗಾತು. ಆ ಸಂಜಿಕಿ ಪೊಲೀಸರಿಗಿ ಹಂಗ ಹೇಳಲಿಲ್ಲಂದ್ರ ನಿಮ್ಮನ್ನ ಎಳಕೊಂಡು ಹೋಗ್ತಿದ್ರು."

ಸಮೀನಾ ಈಗ ತಲೆ ಎತ್ತಿದಳು. "ಇದನ್ನ ಮೊದಲ ಹೇಳಬಾರದೇನ್ರಿ?"

"ನಾಚಿಕಿ ಆಗತಿತ್ತು."

"ನಿಮ್ಮ ನಾಚಿಕಿ... ನನ್ನ ಅಂಜಿಕಿ... ಎರಡರ ನಡುವ ಆಕಿ ಹೋದಳಲ್ರಿ!"

ಅವನು ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತ.

"ಖರೆ ಹೇಳ್ರಿ. ಬಂದ ಕೂಡಲೇ ಕೊಟ್ಟಿದ್ರ ಉಳೀತಿದ್ದಳೇನು?"

"ಗೊತ್ತಿಲ್ಲ, ಸಮೀನಾ. ಸುಳ್ಳು ಹೇಳಿ ಸಮಾಧಾನ ಮಾಡಲಾರೆ. ಆದ್ರ ಇನ್ನೊಬ್ಬಾಕಿ ಹಂಗ ಬಂದಾಗ ನೀವು ಯಾರ ಮಾತಿಗೂ ಕಾಯಬಾರದು. ಅದಕ್ಕ ಪಾಸಾಗ್ರಿ. ನನಗಾಗಿ ಅಲ್ಲ."

ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಕುಂದ್ರತೀನಿ. ಮೊದಲ ಯಳವಿಗಿ ಹೋಗಬೇಕು. ನಾ ಕಾದೆ ಅನ್ನೂದು ಸಿದ್ದಲಿಂಗವ್ವಗ ನನ್ನ ಬಾಯಿಲೆ ಹೇಳಬೇಕು."

"ಆಕಿ ಕಂಪ್ಲೇಂಟ್ ಕೊಟ್ರ? ಎಲ್ಲಾ ಮುಗದಂಗ!"

"ಕೊಡಲಿ. ಮುಚ್ಚಿಟ್ಟು ಪಾಸಾದ್ರ ನಾ ಯಾವ ಡಾಕ್ಟರ್?"

ಸೈಫ ಅವಳನ್ನೇ ನೋಡಿದ. "ಹಂಗಾದ್ರ ನಾನೂ ಬರ್ತೀನಿ. ಕಾಯಾಕ ಹೇಳಿದಾಂವ ನಾ. ಸುಳ್ಳು ಹೇಳಿದಾಂವನೂ ನಾ. ಮೋಟರ್ ಸೈಕಲ್ ತಂದೀನಿ."

"ಮೋಟರ್ ಸೈಕಲ್ ಬ್ಯಾಡ!" ಚಹಾ ಹಿಡಿದು ಹಿಂದೆಯೇ ನಿಂತಿದ್ದ ಇಸಾಕ ಹೇಳಿದ. "ಬಸ್ಸಿಗಿ ಹೋಗ್ರಿ. ಊರ ಮಂದಿ ಕಣ್ಣು ನನಗ ಗೊತ್ತದ." ದನಿ ಗಡುಸಾಗಿತ್ತು. ಆದರೆ ಚಹಾದ ಮೊದಲ ಕಪ್ಪನ್ನು ಅವನು ಸೈಫನಿಗೇ ಕೊಟ್ಟ.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಇಬ್ಬರೂ ನಡುವೆ ಜಾಗ ಬಿಟ್ಟು ಕೂತರು. ಸಮೀನಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಅಂಜಿಕಿ ಆಗ್ಯದೇನು?"

"ಭಾಳ. ಆಕಿ ಕಲ್ಲು ಒಗದ್ರ?"

"ಇಬ್ಬರಿಗೂ ಬೀಳ್ತಾವ."

ದೂರದಲ್ಲಿ ಬಸ್ಸಿನ ಧೂಳು ಕಂಡಿತು.

"ಸಿದ್ದಲಿಂಗವ್ವ ಕೇಳಬಹುದು," ಎಂದಳು ಸಮೀನಾ, "ಈಕಿ ನಿನಗ ಏನಾಗಬೇಕು, ಯಾಕ ಸಂಗಡ ಬಂದಿ ಅಂತ. ಏನ್ ಹೇಳ್ತೀರಿ?"

"ಇವತ್ತ ಖರೇನ ಹೇಳಾಕ ಹೊಂಟೀವಲ್ಲ... ಈಕಿನ್ನ ಲಗ್ನ ಆಗಬೇಕಂತ ಮಾಡೀನಿ, ಈಕಿ ಹೂಂ ಅಂದ್ರ, ಅಂತ ಹೇಳ್ತೀನಿ."

ಸಮೀನಾ ಅವನ ಕಡೆ ತಿರುಗಿದಳು.

"ನಾ ಮತ್ತ ಫೇಲಾದ್ರ?"

"ಫೇಲಾದಾಕಿನ್ನ ಲಗ್ನ ಆಗ್ತೀನಿ ಅಂತೀನಿ."

"ಜೇಲಿಗಿ ಹೋದ್ರ?"

"ಬರೂ ತನಕ ಕಾಯ್ತೀನಿ."

ಅವಳು ನಡುವಿನ ಜಾಗ ದಾಟಿ ಅವನ ಪಕ್ಕಕ್ಕೆ ಸರಿದು ಕೂತಳು. ಊರ ಮಂದಿ ನೋಡುತ್ತಿದ್ದರು.

"ಹೂಂ," ಎಂದಳು.