‘ನೋಡೋಣ’ ಎಂದ ಮೇಲೆ

ಟಕ್... ಟಕ್!

ಅತಿಥಿಗೃಹದ ಮೇಲಂತಸ್ತಿನಲ್ಲಿ, ಆ ರಾತ್ರಿ, ಬಾಗಿಲು ತಟ್ಟಿದ ಕೈ ಮರುಕ್ಷಣವೇ ಬೆನ್ನ ಹಿಂದೆ ಅಡಗಿತು.

ಬಾಗಿಲು ತೆರೆದವನು ಅವಳನ್ನು ಕಂಡು ಬೆಚ್ಚಿದ. ಅವನ ಹಿಂದೆ, ಹಾಸಿಗೆಯ ಮೇಲೆ, ಅರ್ಧ ತುಂಬಿದ ಸೂಟ್‌ಕೇಸು ಬಾಯ್ದೆರೆದು ಬಿದ್ದಿತ್ತು.

“ಹೇಳದೆ ಕೇಳದೆ ಹೊರಟೇಬಿಟ್ರಾ?”

ಕೇಳಿದ ಮೇಲೆ ಅವಳ ಮುಖ ನಾಚಿಕೆಯಿಂದ ಕೆಂಪಾಯಿತು. ಛೆ... ಗಂಡಸಿನ ಕೋಣೆಯ ಮುಂದೆ ಹೀಗೆ ಬಂದು ನಿಂತೆನಲ್ಲ! ಭೂಮಿ ಬಾಯಿ ಬಿಡಬಾರದೇ!

ಬೀಗದ ಕಾರ್ಖಾನೆಯಲ್ಲಿ ಅವಳ ಉದ್ಯೋಗವೇ ಎಚ್ಚರಿಸುವುದು. ವ್ಯಾಪಾರಕ್ಕೆಂದು ಹೊರದೇಶದಿಂದ ಬಂದಿಳಿದವರಿಗೆಲ್ಲ ಮೊದಲ ದಿನವೇ ಅವಳ ಪಾಠ. ನಲ್ಲಿಯ ನೀರು ಕುಡಿಯಬೇಡಿ. ವಿಸಿಟಿಂಗ್ ಕಾರ್ಡು ಧಾರಾಳವಾಗಿ ಇಟ್ಟುಕೊಳ್ಳಿ. ಒಂದೇ ಸಂಜೆ ಊರಿನ ಎರಡು ತುದಿಗಳಲ್ಲಿ ಮೀಟಿಂಗು ಒಪ್ಪಿಕೊಂಡರೆ ಟ್ರಾಫಿಕ್ಕಿನಲ್ಲೇ ಬೆಳಗಾದೀತು... ಹೀಗೆ. ಕಚೇರಿಯವರು ಅವಳಿಗೆ ‘ಎಚ್ಚರಿಕೆ ಮೇಡಂ’ ಎಂದೇ ಹೆಸರಿಟ್ಟಿದ್ದರು.

ಆ ಪಾಠವನ್ನು ಇವನಷ್ಟು ಶ್ರದ್ಧೆಯಿಂದ ಪಾಲಿಸಿದವರಿಲ್ಲ. ಬೀಗ ಕೊಳ್ಳಲು ಬಂದ ಈ ಹೊರನಾಡಿಗ ಹಲ್ಲುಜ್ಜಲೂ ಬಾಟಲಿ ನೀರನ್ನೇ ಬಳಸಿದ. ಅವಳಿಂದಲೇ ಅವಳ ಭಾಷೆ ಕಲಿತ. ಮೊನ್ನೆ ಕೀಲಿಗಳನ್ನು ಪರೀಕ್ಷಿಸುವ ಕೋಣೆಯಲ್ಲಿ, ಎಣ್ಣೆ ಮೆತ್ತಿದ ಬೆರಳುಗಳನ್ನು ಒರೆಸಿಕೊಳ್ಳುತ್ತಾ, “ನನ್ನ ಮದುವೆ ಆಗ್ತೀರಾ?” ಎಂದು ಕೇಳಿಯೇಬಿಟ್ಟ!

ಅವಳ ಎದೆ ಹೂವಾಗಿತ್ತು... “ನೋಡೋಣ” ಎಂದವಳೇ ನಾಚಿ ಓಡಿಬಂದಿದ್ದಳು.

ಅಂದು ರಾತ್ರಿ ಅಣ್ಣನ ಆಹ್ವಾನದ ಮೇರೆಗೆ ಮನೆಗೆ ಊಟಕ್ಕೆ ಬಂದವನು ಮಾತಿಲ್ಲದೆ ಉಂಡು ಎದ್ದಿದ್ದ. ಗೇಟಿನವರೆಗೆ ಬೀಳ್ಕೊಡಲು ಹೋದವಳು ಅತ್ತಿಗೆಯೊಬ್ಬಳೇ.

ಇಂದು ಸಂಜೆ ಸಿಡಿಲಿನಂಥ ಸುದ್ದಿ. ಅವನು ನಾಳೆ ಬೆಳಗಿನ ವಿಮಾನಕ್ಕೇ ಟಿಕೆಟ್ಟು ಬದಲಾಯಿಸಿದ್ದಾನೆ!

ಯಾರೋ ಕಿವಿ ಊದಿದ್ದಾರೆ... ಯಾರು? ನಾದಿನಿಯನ್ನು ತನ್ನ ತಮ್ಮನಿಗೆ ತಂದುಕೊಳ್ಳುವ ಆಸೆ ಅತ್ತಿಗೆಗೆ ಮೊದಲಿನಿಂದಲೂ ಇತ್ತಲ್ಲವೇ!

“ನಿಮ್ಮ ತಮ್ಮನಿಗೋಸ್ಕರ ನನ್ನ ಬಾಳಿಗೆ ಕಲ್ಲು ಹಾಕಿದ್ರಾ? ಗೇಟಿನ ಹತ್ರ ಅವರಿಗೆ ಏನು ಹೇಳಿದ್ರಿ?” ಮನೆಮಂದಿಯ ಎದುರೇ ಅವಳು ಕೂಗಾಡಿದ್ದಳು.

“ಮಳೆ ಬರೋ ಹಾಗಿದೆ, ಕೊಡೆ ತಗೊಂಡು ಹೋಗಿ ಅಂದೆ ಕಣೇ... ಅಷ್ಟೇ!”

ಅತ್ತಿಗೆ ಎಂಜಲು ತಟ್ಟೆ ಹಿಡಿದುಕೊಂಡೇ ಅತ್ತಿದ್ದಳು. ಆಮೇಲೆ ಮೂಗೊರೆಸಿಕೊಂಡು ಸ್ಕೂಟರಿನ ಕೀ ತೆಗೆದಿದ್ದಳು.

“ನಡಿ. ಅವರ ಬಾಯಿಂದಲೇ ಕೇಳು. ನಾನು ಕೆಳಗೆ ನಿಂತಿರ್ತೀನಿ.”

ಈಗ ಅವನು ಹೊಸ್ತಿಲಲ್ಲಿ ತಡವರಿಸುತ್ತಿದ್ದ. “ಒಳಗೆ ಬನ್ನಿ ಅನ್ನೋ ಹಾಗಿಲ್ಲ... ಒಂಟಿ ಹೆಂಗಸನ್ನ ರೂಮಿಗೆ ಕರೆದ್ರೆ ತಪ್ಪು ತಿಳ್ಕೋತಾರೆ ಅಂತ ನೀವೇ ಹೇಳಿದ್ರಿ.”

“ಪಾಠ ಹಾಳಾಗ್ಲಿ! ಯಾಕೆ ಹೊರಟಿದೀರಿ?”

“ನೀವು ಬೇಡ ಅಂದ್ರಲ್ಲ.”

“ನಾನಾ? ಯಾವಾಗ?”

“ನೋಡೋಣ ಅಂದ್ರಿ.” ಅವನು ತಲೆ ತಗ್ಗಿಸಿದ. “ಇಲ್ಲ ಅಂತ ಮುಖ ಮುರಿಯೋಕಾಗದೆ ಇಲ್ಲಿಯವರು ನೋಡೋಣ ಅಂತಾರಂತೆ. ಮತ್ತೆ ಕೇಳಿ ಮುಜುಗರ ಮಾಡ್ಬಾರ್ದಂತೆ. ನಗುನಗ್ತಾ ಟಿಕೆಟ್ಟು ಮಾಡಿಸ್ಕೊಂಡು ಹೊರಟುಬಿಡ್ಬೇಕಂತೆ... ನಗು ಮಾತ್ರ ಬರಲಿಲ್ಲ.”

ಅವಳ ಕಣ್ಣು ತುಂಬಿತು.

“ನನ್ನ ನೋಡೋಣ ಅಂಥದ್ದಲ್ಲ ರೀ! ಒಂದೇ ಸಲಕ್ಕೆ ಹೂಂ ಅನ್ನೋಕೆ ನಾಚಿಕೆ ಆಯ್ತು...”

“ಹಾಗಾದ್ರೆ... ಇನ್ನೊಂದು ಸಲ ಕೇಳಬಹುದಾ?”

“ಕೇಳೋದೇ ಬೇಡ. ಹೂಂ... ಹೂಂ!”

ಅವನ ಬೆರಳುಗಳು ಅವಳ ಬೆರಳುಗಳನ್ನು ಹುಡುಕಿಕೊಂಡವು. ಆಗಲೇ ಬಾಗಿಲ ಸಂದಿಯಲ್ಲಿ ಒರಗಿಸಿಟ್ಟಿದ್ದ ಕೊಡೆ ಅವಳ ಕಣ್ಣಿಗೆ ಬಿತ್ತು. ಅತ್ತಿಗೆಯ ಕೊಡೆ!

“ಅತ್ತಿಗೆ... ಬೇರೇನೂ ಹೇಳಲಿಲ್ವಾ?”

“ನಾಳೆ ವಾಪಸ್ ಕೊಡಿ ಅಂದ್ರು. ಆ ನೆಪದಲ್ಲಾದ್ರೂ ಮತ್ತೆ ಬರ್ತೀರಿ ಅಂದ್ರು.”

ಅವಳ ಮೈ ಹಿಡಿಯಷ್ಟಾಯಿತು. ಕೆಳಗೆ, ದೀಪದ ಕಂಬದಡಿ, ಸ್ಕೂಟರಿಗೊರಗಿ ನಿಂತ ಆ ಜೀವಕ್ಕೆ ಯಾವ ಮುಖ ತೋರಿಸಲಿ? ನಾಚಿಕೆ ಸಿಟ್ಟಾಗಿ ತಿರುಗಿತು.

“ಮತ್ತೆ ಆ ನೋಡೋಣದ ಅರ್ಥ ನಿಮ್ಮ ತಲೆಗೆ ತುಂಬಿದ ಪುಣ್ಯಾತ್ಮರು ಯಾರು? ಹೆಸರು ಹೇಳಿ! ಈಗಲೇ ಕೆಳಗೆ ಎಳ್ಕೊಂಡು ಹೋಗಿ ಅತ್ತಿಗೆ ಕಾಲಿಗೆ ಬೀಳಿಸ್ತೀನಿ!”

“ಬೇಡ ಬಿಡಿ... ಪಾಪ, ತುಂಬಾ ಒಳ್ಳೆಯವರು.”

“ಹೇಳ್ತೀರೋ ಇಲ್ವೋ?”

ಅವನು ಅವಳ ಕೈಯನ್ನು ಇನ್ನಷ್ಟು ಮೃದುವಾಗಿ ಹಿಡಿದುಕೊಂಡ.

“ಎಚ್ಚರಿಕೆ ಮೇಡಂ.”